ನಳಿನಿಯ ಮದುವೆ ಮತ್ತು ನಮ್ಮ ಯಜಮಾನರು

ನಮ್ಮ ಯಜಮಾನರು ಒಂದು ಹುಡುಗಿಯ ಮದುವೆ ಚಿಂತೆಯಲ್ಲಿ ಸೊರಗಿ ಕಡ್ಡಿಯಾಗಿದ್ದಾರೆ. ಆ ಹುಡುಗಿ ನಮ್ಮ ಮಗಳಲ್ಲ, ಮೊಮ್ಮಗಳೂ ಅಲ್ಲ. ನೆಂಟರ ಪೈಕಿಯವಳಲ್ಲ, ನಮ್ಮೂರು ಹಳೇಕೋಟೆಯವಳೂ ಅಲ್ಲ. ಇನ್ನೂ ಬಿಡಿಸಿ ಹೇಳಬೇಕೆಂದರೆ, ಆ ಹುಡುಗಿ ಹುಟ್ಟಿಯೇ ಇಲ್ಲ!

ಹೆಸರು ಮಾತ್ರ ಇದೆ, ನಳಿನಿ ಅಂತ. ಪತ್ತೇದಾರಿ ಕಾದಂಬರಿಯೊಳಗಿನ ಹುಡುಗಿ. ಹಾಸನದ ಒಂದು ಪತ್ರಿಕೆಯಲ್ಲಿ ವರದಿ ಬರೆಯುವ ಕೆಲಸ. ಎಲ್ಲಿ ಹೆಣ ಬಿದ್ದರೂ ಪೊಲೀಸರಿಗಿಂತ ಮುಂಚೆ ಅಲ್ಲಿ ಹಾಜರ್! ಅವಳ ಹಿಂದೆಯೇ ಸಬ್ ಇನ್‌ಸ್ಪೆಕ್ಟರ್ ರವಿಕಾಂತ ಬರುತ್ತಾನೆ. "ನಿನಗೇನು ಇಲ್ಲಿ ಕೆಲಸ?" ಅಂತ ಗದರುತ್ತಾನೆ. ಆಮೇಲೆ ಇಬ್ಬರೂ ಸೇರಿ ಕೊಲೆಗಾರನನ್ನು ಹಿಡಿಯುತ್ತಾರೆ. ಕೊನೇ ಪುಟದಲ್ಲಿ ಗೊರೂರು ಹಿನ್ನೀರಿನ ದಂಡೆಯಲ್ಲಿ ಕೂತು ಒಂದೇ ಪೊಟ್ಟಣದ ಕಡಲೆಕಾಯಿ ತಿನ್ನುತ್ತಾರೆ. ಕಡಲೆಕಾಯಿ ಮುಗಿಯುತ್ತದೆ, ಪುಸ್ತಕವೂ ಮುಗಿಯುತ್ತದೆ. ಮದುವೆ ಮಾತ್ರ ಆಗುವುದಿಲ್ಲ. ಮುಂದಿನ ಪುಸ್ತಕ ತೆಗೆದರೆ ಇನ್ನೊಂದು ಹೆಣ!

ಈ ಪುಸ್ತಕಗಳನ್ನು ಬರೆಯುವುದು ಯಾರು ಅಂತೀರಿ? ನಮ್ಮ ಮಗನ ಮಗಳು! ನನ್ನ ಮೊಮ್ಮಗಳು! ಅರಕಲಗೂಡು ಕಡೆ ಒಂದು ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದಾಳೆ. ಹಗಲೆಲ್ಲ ಕಳ್ಳರನ್ನು ಹಿಡಿಯುತ್ತಾಳೆ, ಬಿಡುವಿದ್ದಾಗ ಕೂತು ಬೇರೆ ಹೆಸರಿನಲ್ಲಿ ಕೊಲೆ ಮಾಡಿಸುತ್ತಾಳೆ. ಐದನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು ಸಗಣಿ ಬುಟ್ಟಿ ಎತ್ತಿದವಳು ನಾನು. ನನ್ನ ಹೊಟ್ಟೆಯ ಹೊಟ್ಟೆಯಲ್ಲಿ ಇಂಥದೊಂದು ಹುಟ್ಟಿದೆ ಅಂದರೆ ನಾನು ಹಿಗ್ಗಬಾರದೇ? ಹಿಗ್ಗುತ್ತೇನೆ. ಈ ಬರಹದಲ್ಲಿ ಒತ್ತು, ಕೊಂಬು ತಪ್ಪಿದ್ದರೆ ಸಂತೋಷಕ್ಕೆ ಕೈ ನಡುಗಿದ್ದು ಅಂತ ತಿಳಿದುಕೊಳ್ಳಿ. ಯಜಮಾನರ ಹೆಸರನ್ನು ಮಾತ್ರ ಕೇಳಬೇಡಿ. ಮದುವೆಯಾದಾಗಿನಿಂದ ಬಾಯಲ್ಲಿ ಹೇಳದ್ದನ್ನು ಈಗ ಕಾಗದದ ಮೇಲೆ ಹೇಳುತ್ತೇನೆಯೇ?

ನನಗಿದ್ದ ಸಂಕಟ ಬೇರೆ. ನಳಿನಿಗೆ ವಯಸ್ಸಾಗುವುದಿಲ್ಲ, ಬರೆದವಳಿಗೆ ಆಗುತ್ತದೆ! ಮೊಮ್ಮಗಳ ವಾರಗೆಯವರ ಮಕ್ಕಳು ಆಗಲೇ ಶಾಲೆಗೆ ಹೋಗುತ್ತಿದ್ದವು. ನಮ್ಮ ಮಗ, ಅಂದರೆ ಅವಳಪ್ಪ, ತಂದ ಗಂಡುಗಳನ್ನೆಲ್ಲ ಇವಳು ಒಂದಲ್ಲ ಒಂದು ನೆಪ ತೆಗೆದು ವಾಪಸ್ ಅಟ್ಟಿದ್ದಳು. ಒಬ್ಬ ಕುಳ್ಳ, ಒಬ್ಬ ಬಾಯಿಬಡುಕ, ಇನ್ನೊಬ್ಬ ಬಾಯಿಯನ್ನೇ ಬಿಡುವುದಿಲ್ಲ! ನಾನು ಮೊಮ್ಮಗಳಿಗೆ ಒಂದು ಮನೆಯಾಗಲಿ ಅಂತ ದೇವರಿಗೆ ಹರಸಿಕೊಂಡರೆ, ಪಕ್ಕದಲ್ಲಿ ಕೂತ ಈ ಮಹಾರಾಯರು "ನಳಿನೀಗೂ ಒಸಿ ಕೇಳ್ಕೊ ಕಣಮ್ಮಿ" ಅನ್ನುವರು.

ಯಜಮಾನರು ಓದುವುದೆಂದರೆ ನಿಮ್ಮ ಹಾಗೆ ಸುಮ್ಮನೆ ಓದುವುದಲ್ಲ. ಜಗಲಿ ಮೇಲೆ ಕೂತು ಬೀದಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಬೇಕು. ನಡುನಡುವೆ ಪುಸ್ತಕದೊಳಗಿನವರಿಗೆ ಬುದ್ಧಿ ಹೇಳಬೇಕು. ಒಂದು ಸಂಜೆ ಡೈರಿಗೆ ಹಾಲು ಹಾಕಲು ಹೊರಟಿದ್ದ ಹೆಂಗಸೊಬ್ಬಳು ನಮ್ಮ ಮನೆ ಮುಂದೆ ಬಂದಳು. ಸರಿಯಾಗಿ ಆಗಲೇ ಇವರು ಕೂಗಿದರು: "ಮುಂದುಕ್ಕೆ ಓಗ್ಬ್ಯಾಡ ಕಣವ್ವಾ! ಮಚ್ಚು ಇಡ್ಕೊಂಡು ಬಾಗ್ಲ ಸಂದೀಲಿ ನಿಂತವ್ನೆ!"

ಆಕೆ ನಿಂತಲ್ಲೇ ಕಲ್ಲಾದಳು. ಕ್ಯಾನು ಎದೆಗವುಚಿಕೊಂಡು ಬಂದ ದಾರಿಗೇ ತಿರುಗಿದಳು. ಅವತ್ತಿನಿಂದ ಕೆರೆ ಏರಿ ಸುತ್ತಿಕೊಂಡು ಡೈರಿಗೆ ಹೋಗುತ್ತಾಳೆ.

ಊಟದ ವಿಷಯದಲ್ಲಂತೂ ಇನ್ನೂ ರಗಳೆ. ಒಂದು ದಿನ ಮುದ್ದೆ, ಅವರೆಕಾಳು ಸಾರು ಮಾಡಿ ಕರೆದರೆ ಏಳಲೊಲ್ಲರು. ಯಾಕೆ ಅಂದರೆ, "ನಮ್ಮ ನಳಿನಿ ಬೆಳಗ್ಗೆ ಒಂದ್ಲೋಟ ಕಾಪಿ ಕುಡ್ದಿದ್ದು. ಆಮ್ಯಾಕೆ ಎಣ ಸಿಕ್ತು, ಬಸ್ ಅತ್ತುದ್ಲು, ಗೋಡೆ ಆರುದ್ಲು. ಮೂರು ಅಧ್ಯಾಯ ಆಯ್ತು, ಒಂದು ತುತ್ತು ಬಾಯಿಗಿಟ್ಟಿಲ್ಲ."

"ನಾನೂ ಬೆಳಗ್ಗಿಂದ ಉಂಡಿಲ್ಲ ಕಣ್ರೀ. ನನ್ನ ಕೇಳೋರು ಯಾವ ಅಧ್ಯಾಯದಲ್ಲಿ ಬತ್ತಾರೆ?" ಅಂದೆ.

ಊಟಕ್ಕೆ ಎದ್ದರು. ಆದರೆ ಕೈ ತೊಳೆದ ಕೂಡಲೇ ಮೊಮ್ಮಗಳಿಗೆ ಫೋನು! "ಮಗಾ, ಮುಂದಿನ ಪುಸ್ತಕದಲ್ಲಿ ಅವಳಿಗೆ ಒಂದು ಟಾರ್ಚು ಕೊಡ್ಸು. ಪಾಳು ಗೋದಾಮಿಗೆಲ್ಲ ಬರಿಗೈಲಿ ಓಯ್ತಾಳೆ. ಚೀಲದಲ್ಲಿ ಒಂದೆರಡು ಬಿಸ್ಕತ್ತೂ ಇಕ್ಕು."

ಅವಳು ನಕ್ಕು ಫೋನಿಟ್ಟಳು. ನಂಬಿದರೆ ನಂಬಿ, ಮುಂದಿನ ಪುಸ್ತಕದಲ್ಲಿ ನಳಿನಿಯ ಚೀಲದೊಳಗೆ ಟಾರ್ಚೂ ಇತ್ತು, ಬಿಸ್ಕತ್ತೂ ಇತ್ತು! ಇವರು ಆ ಪುಟವನ್ನು ಊರಿಗೆಲ್ಲ ತೋರಿಸಿಕೊಂಡು ಬಂದರು, ಪಹಣಿಯಲ್ಲಿ ತಮ್ಮ ಹೆಸರು ಏರಿದವರ ಹಾಗೆ.

ಓದಿ ಓದಿ ಇವರಿಗೂ ಪತ್ತೇದಾರಿಕೆ ಹತ್ತಿತು. ನಮ್ಮ ಕೆಂಪು ಹ್ಯಾಟೆ ಕೋಳಿ ಒಂದು ದಿನ ಕಾಣೆಯಾಯಿತು. ನಾಯಿಯೋ ಮುಂಗುಸಿಯೋ ಎತ್ತಿರಬೇಕು ಅಂತ ನಾನು ಸುಮ್ಮನಾದೆ. ಇವರು ಬಿಟ್ಟಾರೆಯೇ? ಹಿತ್ತಲಲ್ಲಿ ಬೂದಿ ಚೆಲ್ಲಿ ಹೆಜ್ಜೆ ಗುರುತು ನೋಡಿದರು. ಉದುರಿದ ಪುಕ್ಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೊಳೆಗೆ ನೇತುಹಾಕಿದರು. ಬೀದಿಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು "ಸೋಮವಾರ ಸಂಜೆ ನಿಮ್ಮನೇಲಿ ಏನ್ ಸಾರು?" ಅಂತ ಕೇಳಿದರು. ಎದುರುಮನೆಯವನು "ಹುರುಳಿಕಾಳು" ಅಂದರೆ, "ಹುರುಳಿಕಾಳು ಸಾರಿಗೆ ಅಷ್ಟೊಂದು ಮಸಾಲೆ ಘಮ ಬತ್ತದೇನ್ಲಾ?" ಅಂತ ಸವಾಲು! ಆತ ನಮ್ಮೊಂದಿಗೆ ಮಾತು ಬಿಟ್ಟ. ಹೀಗೆ ಅರ್ಧ ಬೀದಿ ನಮ್ಮ ಮೇಲೆ ಮುನಿಸಿಕೊಂಡು ಕೂತಿದ್ದಾಗ ಒಂದು ಬೆಳಗ್ಗೆ ಕೊಟ್ಟಿಗೆಯ ಹುಲ್ಲಿನ ಮೆದೆ ಸಂದಿಯಿಂದ ಕೆಂಪು ಹ್ಯಾಟೆ ಠೀವಿಯಿಂದ ಹೊರಗೆ ಬಂತು. ಹಿಂದೆ ಮರಿಗಳ ದಂಡು! ಕೊಲೆಯಾದವಳು ಬಾಣಂತನ ಮುಗಿಸಿಕೊಂಡು ಬಂದಿದ್ದಳು.

"ನನಗೆ ಮೊದ್ಲೇ ಅನುಮಾನ ಇತ್ತು," ಅಂದರು ಇವರು.

ಇದನ್ನೆಲ್ಲ ಮನೆಯೊಳಗಿನ ಮಾತು ಅಂತ ನುಂಗಿಕೊಳ್ಳಬಹುದಿತ್ತು. ಆದರೆ ನೆಂಟರ ಮದುವೆಯೊಂದಕ್ಕೆ ಚನ್ನರಾಯಪಟ್ಟಣಕ್ಕೆ ಹೋಗಿದ್ದಾಗ ಮರ್ಯಾದೆಯೇ ಹೋಯಿತು. ಛತ್ರದಲ್ಲಿ ದೂರದ ಸಂಬಂಧಿಯೊಬ್ಬಳು ಮೊಮ್ಮಗಳನ್ನು ಹಿಡಿದುಕೊಂಡು, "ನಿಂದ್ಯಾವಾಗವ್ವ ಪಾಯಸ ಹಾಕ್ಸೋದು?" ಅಂತ ಎಲ್ಲರ ಮುಂದೆ ಕೇಳಿದಳು. ಹುಡುಗಿ ಮುಖ ಸಣ್ಣದಾಯಿತು. ತಕ್ಷಣ ಇವರು ನಡುವೆ ನುಗ್ಗಿ, "ಇವಳ್ದಿರ್ಲಿ ಬುಡವ್ವ, ಮೊದ್ಲು ನಮ್ಮ ನಳಿನೀದು ಆಗ್ಬೇಕು. ಆ ಇನ್‌ಸ್ಪೆಕ್ಟ್ರು ಜೊತೇಲಿ ವರ್ಷಗಟ್ಲೆ ತಿರುಗ್ತಾವಳೆ. ಕಾಡು, ಕೆರೆ, ಲಾಡ್ಜು ಒಂದೂ ಬಿಟ್ಟಿಲ್ಲ!" ಅಂದುಬಿಟ್ಟರು.

ಆ ಹೆಂಗಸು ಕೆನ್ನೆ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಶಿವನೇ! ಯಾರವ್ವ ನಳಿನಿ? ನಿಮ್ಮ ಎರಡನೇ ಮೊಮ್ಮಗಳಾ?"

"ಲಾಡ್ಜಿಗೆ ಹೋಗಿದ್ದು ಹೆಣ ನೋಡೋಕೆ ಕಣಕ್ಕ," ಅಂದೆ ನಾನು. ನೆಟ್ಟಗೆ ಮಾಡಲು ಹೋಗಿ ಇನ್ನೂ ಕೆಡಿಸಿದೆ. ಊಟದ ಪಂಕ್ತಿಯಲ್ಲಿ ನಮ್ಮ ಎಡಕ್ಕೂ ಬಲಕ್ಕೂ ಯಾರೂ ಕೂರಲಿಲ್ಲ!

ಇಷ್ಟಾದರೂ ಇವರಿಗೆ ಬುದ್ಧಿ ಬರಲಿಲ್ಲ. "ನಳಿನಿ ರವಿಕಾಂತ ಇಬ್ಬರಿಗೂ ಯಾಕೆ ಕಂಕಣ ಕೂಡಿ ಬರ್ತಿಲ್ಲ? ಎಲ್ಲೋ ದೋಷ ಅದೆ" ಅಂತ ಶುರು ಹಚ್ಚಿಕೊಂಡರು. ಒಂದು ಬೆಳಗ್ಗೆ ಮಡಿಪಂಚೆ ಉಟ್ಟು ಹೊಳೆನರಸೀಪುರದ ಬಸ್ಸು ಹತ್ತಿದರು. ಎಲ್ಲಿಗೆ ಅಂತೀರಿ? ಜೋಯಿಸರ ಮನೆಗೆ! ನನ್ನನ್ನೂ ಎಳೆದುಕೊಂಡು ಹೋದರು. ಜಾತಕ ಇಲ್ಲದವರಿಗೆ ಹೆಸರಿನ ಮೊದಲಕ್ಷರ ಹಿಡಿದು ನಕ್ಷತ್ರ ಹೇಳಿ, ಗಂಡುಹೆಣ್ಣಿಗೆ ಹೊಂದಿಸುವುದು ನಮ್ಮ ಕಡೆ ಇದ್ದದ್ದೇ. ಪುಸ್ತಕದೊಳಗಿನವರಿಗೂ ಹೆಸರು ಇರುತ್ತದಲ್ಲ, ಸಾಲದೇ?

ಜೋಯಿಸರು ಪಂಚಾಂಗ ತೆರೆದರು. "ಹುಡುಗಿ ನಳಿನಿ, ಅನುರಾಧಾ. ಹುಡುಗ ರವಿಕಾಂತ, ಚಿತ್ತಾ. ಇಬ್ಬರದೂ ಮಧ್ಯನಾಡಿ ಗೌಡ್ರೇ. ಏಕನಾಡಿ ದೋಷ. ಈ ಸಂಬಂಧ ಬೇಡ."

ಇವರ ಮುಖ ನೋಡಬೇಕಿತ್ತು! ಸ್ವಂತ ಮಗಳ ಸಂಬಂಧ ಮುರಿದಂತೆ ಕುಸಿದು ಕೂತರು. "ಪರಿಹಾರ ಇಲ್ವಾ ಜೋಯಿಸ್ರೇ?"

"ಹೆಸರು ಬದಲಾಯಿಸಬಹುದು. ಹುಡುಗನಿಗೆ ವಿ ಅಕ್ಷರದಿಂದ ಹೆಸರಿಟ್ಟರೆ ರೋಹಿಣಿ ಬರುತ್ತೆ, ನಾಡಿ ಬೇರೆಯಾಗುತ್ತೆ. ಅದಿರಲಿ, ಹುಡುಗ ಯಾವ ಜನ? ಕುಲ ಯಾವುದು?"

"ಅದನ್ನ ಬರ್ದಿಲ್ಲ," ಅಂದರು ಇವರು.

"ಎಲ್ಲಿ ಬರೆದಿಲ್ಲ?"

"ಪುಸ್ತಕದಲ್ಲಿ."

ಜೋಯಿಸರು ಕನ್ನಡಕ ತೆಗೆದರು. ಇವರನ್ನು ನೋಡಿದರು, ನನ್ನನ್ನು ನೋಡಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಪುಣ್ಯಾತ್ಮರು ದಕ್ಷಿಣೆ ಮುಟ್ಟಲಿಲ್ಲ. "ಹುಟ್ಟಿದವರದು ಯಾರದಾದರೂ ಇದ್ದರೆ ತನ್ನಿ ಗೌಡ್ರೇ" ಅಂತ ಹೇಳಿ ಒಳಗೆ ಹೋದರು. ಒಳಗಿನಿಂದ ಅವರ ಹೆಂಡತಿ ನಗುವುದು ಬೀದಿ ತಿರುಗುವವರೆಗೂ ಕೇಳಿಸುತ್ತಿತ್ತು.

ಆ ಭಾನುವಾರ ಮೊಮ್ಮಗಳು ರಜೆ ಹಾಕಿ ಊರಿಗೆ ಬಂದಳು. ಮಗನೂ ಹೊಳೆನರಸೀಪುರದ ತನ್ನ ಗೊಬ್ಬರದ ಅಂಗಡಿಗೆ ಬಾಗಿಲು ಹಾಕಿ ಮನೆಯಲ್ಲಿದ್ದ. ನಾಟಿಕೋಳಿ ಸಾರು. ಎಲ್ಲರೂ ಊಟಕ್ಕೆ ಕೂತಿದ್ದೆವು. ಇವರು ಮುದ್ದೆ ಮುರಿಯುತ್ತಾ, "ಮಗಾ, ನಮ್ಮ ರವಿಕಾಂತನ ಹೆಸರ ಒಸಿ ವಿಜಯ ಅಂತ ಬದಲಾಯ್ಸು," ಅಂದರು.

"ತಾತಾ, ಇಷ್ಟು ಪುಸ್ತಕ ಬಂದ ಮೇಲೆ ಹೆಸರು ಬದಲಾಯ್ಸಕ್ಕಾಗುತ್ತಾ?"

"ನಮ್ಮ ಕಡೆ ಮದ್ವೆಲಿ ಎಷ್ಟು ಎಣ್ಮಕ್ಳ ಎಸ್ರು ಬದಲಾಯ್ಸಿಲ್ಲ? ಗಂಡುಮಗಂದು ಒಂದ್ಸಲ ಬದಲಾದ್ರೆ ಏನು ಗಂಟು ಓಯ್ತದೆ? ಓಗ್ಲಿ ಬುಡು. ಅವ್ನು ಯಾವ ಜನ? ಅದ್ನಾರ ಯೋಳು. ಜೋಯಿಸ್ರು ಕೇಳುದ್ರು."

ಮೊಮ್ಮಗಳ ಕೈ ತಟ್ಟೆಯಲ್ಲೇ ನಿಂತಿತು. ಕಳ್ಳರನ್ನು ಗದರಿಸಿ ಬಾಯಿ ಬಿಡಿಸುವ ಹುಡುಗಿ ಸಾರಿನೊಳಗೆ ಏನೋ ಹುಡುಕುವಂತೆ ಕೂತಳು. ತಲೆ ಎತ್ತದೆಯೇ, "ಲಿಂಗಾಯತರು ತಾತ," ಅಂದಳು.

"ಅದಕ್ಕೇ ಆಗಿಲ್ಲ ಮತ್ತೆ ಮದ್ವೆ!" ಅಂತ ನಮ್ಮ ಮಗ ನಕ್ಕ. "ನಾವು ಬಾಡು ತಿನ್ನೋರು, ಅವ್ರು ಮುಟ್ಟೋರಲ್ಲ. ಯಂಗೆ ಕೂಡ್ತದೆ?"

ಯಜಮಾನರಿಗೆ ಎಲ್ಲಿತ್ತೋ ಕೋಪ! "ಏನ್ಲಾ ಅಂಗಂದ್ರೆ? ನಳಿನಿ ಬಾವೀಲಿ ಬಿದ್ದಾಗ ಅಗ್ಗ ಇಳ್ಸಿ ಮ್ಯಾಕೆ ಎಳ್ದೋನು ಯಾರು? ಅವಳಿಗೆ ಜ್ವರ ಬಂದಾಗ ಆಸ್ಪತ್ರೆ ಬಾಗ್ಲಲ್ಲಿ ನಿಂತೋನು ಯಾರು? ನಮ್ಮೋರಲ್ಲಿ ಯಾವನಾರ ಬಂದಿದ್ನಾ? ಜೀವ ಉಳ್ಸೋ ಕೈಗೆ ಜಾತಿ ಎಂತದ್ಲಾ? ನೀನಾಗಿದ್ರೆ ಎಣ್ಣು ಕೊಡ್ತಿರ್ಲಿಲ್ವಾ?"

ಮಗನಿಗೆ ಇದೆಲ್ಲ ತಮಾಷೆ. "ಕೊಡ್ತಿದ್ದೆ ಬುಡಪ್ಪ. ಪುಸ್ತಕದೋರಿಗೆ ಕೊಡೋಕೆ ನನ್ನ ಗಂಟೇನು ಓಯ್ತದೆ?"

"ಮಾತೇನ್ಲಾ?"

"ಮಾತೇ ಕಣಪ್ಪ."

ಮೊಮ್ಮಗಳು ಎದ್ದು ಹಿತ್ತಲಿಗೆ ಹೋಗಿ ಕೈ ತೊಳೆದಳು. ವಾಪಸ್ ಬಂದು ಅಪ್ಪನ ಮುಂದೆ ನಿಂತಳು. ಮೇಲಧಿಕಾರಿ ಮುಂದೆ ನಿಂತ ಹಾಗೆ ನೆಟ್ಟಗೆ ನಿಂತಿದ್ದಳು.

"ಅಪ್ಪಾ, ಅವರು ಪುಸ್ತಕದಲ್ಲಿಲ್ಲ. ಚನ್ನರಾಯಪಟ್ಟಣದಲ್ಲಿದ್ದಾರೆ."

ಆಮೇಲೆ ಒಂದೊಂದಾಗಿ ಹೊರಬಂತು. ಹುಡುಗನ ತಂದೆಯದು ಚನ್ನರಾಯಪಟ್ಟಣದಲ್ಲಿ ದಿನಸಿ ಅಂಗಡಿ. ಹುಡುಗ ಹಾಸನದ ಒಂದು ಪತ್ರಿಕೆಗೆ ವರದಿ ಬರೆಯುತ್ತಾನೆ. ದಿನಾ ಅರಕಲಗೂಡಿನ ಠಾಣೆ ಬಾಗಿಲಲ್ಲಿ "ಮೇಡಂ, ಏನಾದ್ರೂ ಸುದ್ದಿ ಇದೆಯಾ?" ಅಂತ ಬಂದು ನಿಲ್ಲುತ್ತಿದ್ದ. ನಿಂತು ನಿಂತು ತಾನೇ ಸುದ್ದಿಯಾದ! ಪುಸ್ತಕದಲ್ಲಿ ಹುಡುಗಿ ಪತ್ರಿಕೆಯವಳು, ಹುಡುಗ ಪೊಲೀಸು. ದಿಟದಲ್ಲಿ ಹುಡುಗ ಪತ್ರಿಕೆಯವನು, ಹುಡುಗಿ ಪೊಲೀಸು. ಯಾರಿಗೂ ಗುಮಾನಿ ಬರಬಾರದು ಅಂತ ಸೀರೆ ಪ್ಯಾಂಟು ಅದಲುಬದಲು ಮಾಡಿ ಬರೆದಿದ್ದಾಳೆ ಕಳ್ಳಿ!

ಅವಳು ಬೇಡವೆಂದ ಗಂಡುಗಳೆಲ್ಲ ಯಾಕೆ ಕುಳ್ಳರೂ ಬಾಯಿಬಡುಕರೂ ಆದರು ಅಂತ ನನಗೆ ಆಗ ತಿಳಿಯಿತು. ಯಜಮಾನರಿಗೆ ತಿಳಿದದ್ದು ಬೇರೆಯೇ. "ಅಂಗಾರೆ," ಅಂದರು ಬಾಯಿ ಬಿಟ್ಟುಕೊಂಡು, "ಬಾವಿಗೆ ಬಿದ್ದಿದ್ದು ಅವ್ನು? ಎಳ್ದಿದ್ದು ನೀನು? ನಾನು ಇಷ್ಟು ದಿನ ಮರುಗಿ ಮರುಗಿ ಟಾರ್ಚು ಕೊಡ್ಸಿದ್ದು ಒಬ್ಬ ಗಂಡಸಿಗಾ?"

ಮಗ ತಟ್ಟೆ ಸರಿಸಿ ಎದ್ದ. ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಾ, "ಬೀಗರೂಟದಲ್ಲಿ ಬಾಡಿಲ್ದೆ ಜನುಕ್ಕೆ ಕೋಸಂಬರಿ ಬಡಿಸ್ಲಾ? ಊರಲ್ಲಿ ತಲೆ ಎತ್ಕೊಂಡು ತಿರುಗೋದು ಬ್ಯಾಡ್ವಾ?" ಅಂದ. ನಮ್ಮ ಕಡೆ ಮದುವೆ ಮುಗಿದ ಮೇಲೆ ಬೀಗರಿಗೆ ಕುರಿ ಕಡಿದು ಊಟ ಹಾಕದಿದ್ದರೆ ತಾಳಿ ಕಟ್ಟಿದ್ದನ್ನೂ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಡಿನ ಮಾತು ಮೇಲುಮೇಲಿನದು, ಒಳಗಿನ ನೋವು ಬೇರೆ ಇದೆ ಅಂತ ಹೆತ್ತವಳಿಗೆ ಗೊತ್ತಾಗದೇ? ಹುಡುಗಿ ಕಣ್ಣು ಕೆಂಪು ಮಾಡಿಕೊಂಡು ಸಂಜೆ ಬಸ್ಸಿಗೆ ಹೊರಟುಹೋದಳು. ನನ್ನ ಎದೆಯ ಮೇಲೆ ಒಳಕಲ್ಲು ಇಟ್ಟಂತಾಯಿತು. ಅಪ್ಪ ಒಲ್ಲೆ ಅಂದರೆ ಅವಳು ಮೀರುವವಳಲ್ಲ. ಅವನನ್ನು ಬಿಟ್ಟು ಬೇರೆಯವನನ್ನು ಕಟ್ಟಿಕೊಳ್ಳುವವಳೂ ಅಲ್ಲ. ಹೀಗೇ ಒಂಟಿ ಉಳಿದುಬಿಟ್ಟರೆ?

ಅಪ್ಪ ಮಗಳ ನಡುವೆ ಮಾತು ನಿಂತಿತು. ಆಗ ಯಜಮಾನರು ಒಂದು ಉಪಾಯ ಹೂಡಿದರು. ನಮ್ಮ ಮಗ ಮಗಳ ಒಂದು ಪುಸ್ತಕವನ್ನೂ ಓದಿದವನಲ್ಲ. "ಸರ್ಕಾರಿ ಕೆಲಸ ಸಿಕ್ಕದೆ, ಇನ್ನು ಕತೆಗಿತೆ ಯಾಕೆ?" ಅನ್ನುವ ಜಾತಿ. ಇವರು ಮೊದಲನೇ ಪುಸ್ತಕವನ್ನು ಅವನ ಬುತ್ತಿಚೀಲದ ತಳದಲ್ಲಿ ಇಟ್ಟು ಕಳಿಸಿದರು. ಸಂಜೆ ಹಾಗೇ ವಾಪಸ್ ಬಂತು. ಮಾರನೇ ದಿನ ಮತ್ತೆ ಇಟ್ಟರು, ಮತ್ತೆ ವಾಪಸ್ ಬಂತು, ಮೇಲೊಂದಿಷ್ಟು ಸಾರು ಚೆಲ್ಲಿಕೊಂಡು. ಅದರ ಮಾರನೇ ದಿನ ಚೀಲ ಬಂತು, ಪುಸ್ತಕ ಬರಲಿಲ್ಲ! ಮಳೆ ಹಿಡಿದುಕೊಂಡು ಗಿರಾಕಿಗಳಿಲ್ಲದ ವಾರ ಅದು.

ವಾರ ಕಳೆದ ಮೇಲೆ ಊಟದ ಹೊತ್ತಿನಲ್ಲಿ ಮಗ ಗೋಡೆ ನೋಡಿಕೊಂಡು ಕೇಳಿದ: "ಅಪ್ಪಾ, ಆ ನಳಿನಿ ಮೊಬೈಲ್ನಲ್ಲಿ ಇದ್ದ ಫೋಟೋ ಯಾರ್ದು? ಎರಡನೇದ್ರಲ್ಲಿ ಅದೆ ಅಂತ ಬರ್ದವಳೆ. ಎರಡನೇ ಪುಸ್ತಕ ಎಲ್ಲಿ?"

"ಅದೆ," ಅಂದರು ಇವರು ನಿಧಾನವಾಗಿ. "ಉಡುಗನ್ನ ಒಂದ್ಸಲ ನೋಡ್ತೀನಿ ಅನ್ನು, ಕೊಡ್ತೀನಿ."

"ಇದ್ಯಾವ ಸೀಮೆ ನ್ಯಾಯ ಅಪ್ಪ!"

"ಫೋಟೋ ಯಾರ್ದು ಅಂತ ನನಗೆ ಗೊತ್ತಪ್ಪ. ನಿನಗೆ ಬ್ಯಾಡ್ದಿದ್ರೆ ಬುಡು."

ಹೀಗೆ ಹುಡುಗ ನಮ್ಮ ಮನೆಗೆ ಬಂದ. ಸಣಕಲ ಹುಡುಗ. ಸ್ಕೂಟರ್ ನಿಲ್ಲಿಸಿ ಜಗಲಿ ಹತ್ತುವಷ್ಟರಲ್ಲಿ ಕೆಂಪು ಹ್ಯಾಟೆ ಮರಿಗಳ ಸಮೇತ ಅಟ್ಟಿಸಿಕೊಂಡು ಬಂತು, ಹೆದರಿ ಕಂಬ ಹಿಡಿದುಕೊಂಡ. ನಮ್ಮ ಮೊಮ್ಮಗಳೇ ಅದನ್ನು ಓಡಿಸಬೇಕಾಯಿತು. ಯಾರು ಪೊಲೀಸು ಯಾರು ಅಲ್ಲ ಅಂತ ಕೇಳುವಂತೆಯೇ ಇರಲಿಲ್ಲ! ಯಜಮಾನರು ಅವನನ್ನು ಮೇಲಿನಿಂದ ಕೆಳಗೆ ನೋಡಿ, "ನೀನೇ ಏನಪ್ಪ ನಳಿನಿ?" ಅಂದರು.

"ಹೌದು ತಾತ," ಅಂದ ಹುಡುಗ ತಲೆ ತಗ್ಗಿಸಿ.

"ಉಂಡ್ಯಾ?"

"ಇಲ್ಲ ತಾತ. ಒಂದು ಸುದ್ದಿ ಹಿಂದೆ ಹೋಗಿದ್ದೆ."

"ನೋಡ್ದಾ!" ಅಂತ ನನ್ನ ಕಡೆ ತಿರುಗಿದರು. "ನಾನು ಯೋಳ್ಲಿಲ್ವಾ? ಉಣ್ಣಕ್ಕಿಲ್ಲ ಇದು!"

ನಾನು ಅವತ್ತು ಹೊಸ ಮಡಕೆ, ಹೊಸ ತಟ್ಟೆ ತಂದಿದ್ದೆ. ಕೋಳಿ ಬೆಂದ ಪಾತ್ರೆಯಲ್ಲಿ ಆ ಹುಡುಗನಿಗೆ ಅನ್ನ ಬೇಯಿಸಲು ಮನಸ್ಸು ಬರಲಿಲ್ಲ. ಅವನು ಅದನ್ನು ಗಮನಿಸಿದ. "ಅಜ್ಜಿ, ನನಗೋಸ್ಕರ ಹೊಸದು ತಂದ್ರಾ?" ಅಂದವನು ಎರಡನೇ ಸಲ ಸಾರು ಹಾಕಿಸಿಕೊಂಡ. ಎರಡನೇ ಸಲ ಹಾಕಿಸಿಕೊಳ್ಳುವ ಗಂಡನ್ನು ಯಾವ ಅಜ್ಜಿ ಬೇಡವೆನ್ನುತ್ತಾಳೆ?

ಮಗ ಮಾತ್ರ ಮೂಲೆಯಲ್ಲಿ ಕೂತು ನೋಡುತ್ತಿದ್ದ. ಹುಡುಗ ಹೋದ ಮೇಲೆ ಅಪ್ಪನ ಮುಂದೆ ಸುಮ್ಮನೆ ಕೈ ಚಾಚಿದ. ಇವರು ಎರಡನೇ ಪುಸ್ತಕ ಕೊಟ್ಟರು. ಮೂರನೆಯದಕ್ಕೆ ಹುಡುಗನ ತಂದೆಯನ್ನು ಅಂಗಡಿಯಲ್ಲಿ ಮಾತನಾಡಿಸಿ ಬರಬೇಕು ಅಂತ ಕರಾರಾಯಿತು. ಬೈದುಕೊಂಡೇ ಚನ್ನರಾಯಪಟ್ಟಣಕ್ಕೆ ಹೋಗಿಬಂದ. ಮೂರನೆಯದನ್ನು ಓದಿ ಮುಗಿಸಿದ ಸಂಜೆ ಜಗಲಿಗೆ ಬಂದು ಅಪ್ಪನ ಪಕ್ಕದಲ್ಲಿ ಕೂತ.

"ಅಪ್ಪ, ಇದ್ರಲ್ಲಿ ನಳಿನಿ ಬಸ್ ಸ್ಟ್ಯಾಂಡಲ್ಲಿ ಕೂತ್ಕೊಂಡು ಅಳ್ತಾಳೆ. ಕೊಲೆಗಾರನ್ಗೂ ಎದರ್ದೆ ಇದ್ದೋಳು ಅಪ್ಪಂಗೆ ಯೋಳಕ್ಕೆ ಎದರ್ತಾಳೆ ಅಂತ ಬರ್ದವಳೆ." ಪುಸ್ತಕ ಮುಚ್ಚಿದ. "ನಾನು ಅಷ್ಟು ಕೆಟ್ಟೋನಾ ಅಪ್ಪ?"

ಯಜಮಾನರು ಮಗನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಒಳಗೆ ಹೋಗಿ ಮಗ ಫೋನು ತೆಗೆದ. "ಮಗಾ, ಯಾವಾಗ ಬತ್ತೀಯಾ?" ಅಂದದ್ದಷ್ಟು ನನಗೆ ಕೇಳಿಸಿತು. ಆಚೆಯಿಂದ ಏನು ಹೇಳಿದಳೋ, ಇವನು ಗೋಡೆ ಕಡೆ ತಿರುಗಿ ನಿಂತ. ಅಡಿಗೆಮನೆಯಲ್ಲಿ ನಾನು ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಉಳಿದದ್ದು ಬೀಗರೂಟದ ತಕರಾರು. ಅದನ್ನು ಬಿಡಿಸಿದವರು ಹುಡುಗನ ತಂದೆ. ಮಾತುಕತೆಗೆ ಕೂತಾಗ ಅವರೇ ನಕ್ಕು ಹೇಳಿದರು: "ಮದುವೆ ದಿನ ನಮ್ಮ ಹೋಳಿಗೆ ನೀವು ಉಣ್ಣಿ ಗೌಡ್ರೇ. ಮಾರನೆ ದಿನ ನಿಮ್ಮ ಬಾಡೂಟ ನೀವು ಮಾಡ್ಕೊಳ್ಳಿ. ನಾವೆಲ್ಲ ಒಂದು ವ್ಯಾನು ಮಾಡ್ಕೊಂಡು ದೊಡ್ಡಗದ್ದವಳ್ಳಿ ಲಕ್ಷ್ಮೀದೇವಿ ನೋಡೋಕೆ ಹೋಗಿರ್ತೀವಿ. ವಾಸನೆ ಅಷ್ಟು ದೂರ ಬರಲ್ಲ ಅಲ್ವಾ?"

"ಗಾಳಿ ಆ ಕಡೆ ಬೀಸದೇ ಇದ್ರೆ ಬರಕ್ಕಿಲ್ಲ ಬೀಗ್ರೇ," ಅಂದ ನಮ್ಮ ಮಗ. ಬೀಗರೇ ಅಂದುಬಿಟ್ಟ! ಅಲ್ಲಿಗೆ ತಾಂಬೂಲ ಬದಲಾಯಿಸಿದಂತೆಯೇ ಆಯಿತು.

ಜೋಯಿಸರ ಮನೆಗೆ ಮತ್ತೆ ಹೋದೆವು. "ಈ ಸಲ ಹುಟ್ಟಿದವರದು ತಾನೇ?" ಅಂತ ಮೊದಲೇ ಕೇಳಿಕೊಂಡರು. ನಾಡಿ ಹೊಂದಿತು, ಎಲ್ಲವೂ ಹೊಂದಿತು. ಮದುವೆ ಗೊತ್ತಾಗಿದೆ! ನನ್ನ ಮೊಮ್ಮಗಳ ಮದುವೆ! ರಾಗಿ ಬೀಸುವಾಗಲೂ ನಗು ಬರುತ್ತದೆ, ಕಸ ಗುಡಿಸುವಾಗಲೂ ನಗು ಬರುತ್ತದೆ. ಎದುರುಮನೆಯವನು ಕೋಳಿ ಮುನಿಸು ಬಿಟ್ಟು ಚಪ್ಪರಕ್ಕೆ ಗಳ ಕೊಡುತ್ತೇನೆ ಅಂದಿದ್ದಾನೆ. ಇಷ್ಟು ಸಂತೋಷವನ್ನು ಒಬ್ಬಳೇ ಹೊರಲಾರದೆ ನಿಮ್ಮ ಮೇಲೂ ಒಂದಿಷ್ಟು ಹೊರಿಸಲು ಬರೆಯುತ್ತಿದ್ದೇನೆ.

ಮೊನ್ನೆ ಮೊಮ್ಮಗಳು ಬಂದಿದ್ದಳು. ಸೀರೆ ತೆಗೆಯುವ ಗಡಿಬಿಡಿಯ ನಡುವೆಯೂ ಜಗಲಿಯಲ್ಲಿ ಲ್ಯಾಪ್‌ಟಾಪು ತೊಡೆ ಮೇಲಿಟ್ಟುಕೊಂಡು ಹೊಸ ಪುಸ್ತಕ ಬರೆಯುತ್ತಿದ್ದಳು. ಯಜಮಾನರು ಪಕ್ಕದಲ್ಲಿ ಕೂತು ಎಲೆಅಡಿಕೆ ಕುಟ್ಟುತ್ತಿದ್ದರು. ಈಚೆಗೆ ನಾಕು ಹೆಜ್ಜೆ ನಡೆದರೆ ಇವರಿಗೆ ಏದುಸಿರು ಬರುತ್ತದೆ. ಹಾಸನದ ಡಾಕ್ಟರು ಹೆಚ್ಚು ಓಡಾಡಬೇಡಿ ಅಂದಿದ್ದಾರೆ. ಅದನ್ನು ನಾವು ಯಾರೂ ಬಾಯಿಬಿಟ್ಟು ಆಡುವುದಿಲ್ಲ.

"ಮಗಾ, ನಿಂದು ಆಯ್ತು," ಅಂದರು. "ಇನ್ನು ಅವರ್ದೂ ಒಂದು ಮಾಡ್ಸಿಬುಡು. ನಳಿನಿ ಕತ್ತಲ್ಲಿ ತಾಳಿ ಒಂದು ಕಂಡುಬುಟ್ರೆ ನಾನು ನೆಮ್ಮದಿಯಾಗಿ ಓಯ್ತೀನಿ."

ಹುಡುಗಿ ಬೆರಳು ನಿಲ್ಲಿಸಿದಳು. ಇವರ ಮುಖವನ್ನು ನೋಡಲಿಲ್ಲ, ಬೀದಿ ಕಡೆ ನೋಡಿದಳು. "ಹಂಗಾದ್ರೆ ಆಗಲ್ಲ ತಾತ."

"ಯಾಕವ್ವ?"

"ಇನ್ನೂ ತುಂಬ ಕೊಲೆ ಬಾಕಿ ಇದಾವೆ. ಅವೆಲ್ಲ ಮುಗೀದೆ ಅವಳು ಮದುವೆ ಆಗಲ್ಲವಂತೆ."

"ಎಷ್ಟು ಅವೆ?"

"ನೀನು ಓದ್ತಾ ಇರು. ಓದೋವರೆಗೂ ಇರ್ತಾವೆ."

ಜೀವಮಾನದಲ್ಲಿ ಮೊದಲ ಸಲ ಇವರು ನಳಿನಿ ಪರವಾಗಿ ವಾದ ಹೂಡಲಿಲ್ಲ. ಕುಟ್ಟಿದ ಎಲೆಅಡಿಕೆಯನ್ನು ಬಾಯಿಗೆ ಹಾಕಿಕೊಳ್ಳುವುದನ್ನು ಮರೆತು ಕೈಯಲ್ಲೇ ಹಿಡಿದುಕೊಂಡು, "ಸರಿ ಬುಡು, ಕಾಯ್ತೀನಿ," ಅಂದರು.

ಸಂಜೆ ದೇವರ ಮುಂದೆ ದೀಪ ಹಚ್ಚಿದೆ. ಹೆಣ್ಣುಮಗಳೊಬ್ಬಳಿಗೆ ಯಾವ ಹೆಂಗಸೂ ಕೇಳಿಕೊಳ್ಳಬಾರದ್ದನ್ನು ಕೇಳಿಕೊಂಡೆ. "ತಾಯೀ, ನಮ್ಮ ನಳಿನಿಗೆ ಮದುವೆ ಆಗದೇ ಇರಲಿ."